ಹತ್ತೊಂಬತ್ತನೆಯ ವಾಲ್ವ್ ಆದ ಮೇಲೆ

ದೆವ್ವ, ಗಾಳಿ, ಮುನ್ಸೂಚನೆ ಎಂದೆಲ್ಲ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕುರುಬರಹಳ್ಳಿಯ ನಮ್ಮ ಮನೆಯಲ್ಲಿ ಅತ್ತೆ ಅಮಾವಾಸ್ಯೆಗೊಮ್ಮೆ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರೆ, "ಚಿತ್ರಾನ್ನಕ್ಕಾದ್ರೂ ಆಗ್ತಿತ್ತಲ್ಲ ಅತ್ತೆ" ಎಂದು ರೇಗಿಸುತ್ತಿದ್ದವಳು ನಾನು. ಕಣ್ಣಿಂದ ನೋಡಿದ್ದು, ಮೀಟರಿನಲ್ಲಿ ತೋರಿಸಿದ್ದು, ಇವೆರಡನ್ನು ಬಿಟ್ಟು ಮೂರನೆಯದನ್ನು ನಂಬುವ ಹುಚ್ಚು ನನಗಿರಲಿಲ್ಲ. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ಇದನ್ನು ಬೇರೆಯವರ ಬಾಯಲ್ಲಿ ಕೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಕೆಲಸದ ಬಗ್ಗೆ ಮೊದಲು ಒಂದೆರಡು ಮಾತು ಹೇಳಬೇಕು. ನಾನು ಕಮಿಷನಿಂಗ್ ಎಂಜಿನಿಯರ್. ಮದುವೆಯಾದ ಹೊಸದರಲ್ಲಿ ನಮ್ಮ ಮಾವ ಇದನ್ನು ಕಮಿಷನ್ ಹೊಡೆಯುವ ದಲ್ಲಾಳಿ ಕೆಲಸ ಎಂದುಕೊಂಡು ನೆಂಟರ ಮುಂದೆ ಹೇಳಲು ಸಂಕೋಚಪಡುತ್ತಿದ್ದರು. ಕಟ್ಟುವವರು ಕಟ್ಟಿ ಹೋದ ಮೇಲೆ, ನಡೆಸುವವರು ಬರುವುದಕ್ಕೆ ಮುಂಚೆ, ನಡುವಿನ ಆ ಕೆಲವು ವಾರ ನಮ್ಮದು. ಪಂಪು ತಿರುಗುತ್ತದೆಯೇ, ವಾಲ್ವ್ ತೆರೆಯುತ್ತದೆಯೇ, ಅಲಾರಂ ಕೂಗುತ್ತದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ, ಸಹಿ ಹಾಕಿ, ಫೈಲು ಕಟ್ಟಿ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ನಮ್ಮನ್ನು ಯಾರೂ ನೆನೆಸಿಕೊಳ್ಳುವುದಿಲ್ಲ.

ಈ ಪರೀಕ್ಷೆಗೆ ಯಾವಾಗಲೂ ಇಬ್ಬರು ಬೇಕು. ಒಬ್ಬರು ಕಂಟ್ರೋಲ್ ರೂಮಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ವಾಲ್ವ್ ತೆರೆಯಲು ಆಜ್ಞೆ ಕೊಡುತ್ತಾರೆ. ಇನ್ನೊಬ್ಬರು ಆ ವಾಲ್ವಿನ ಎದುರಿಗೇ ನಿಂತು, ಅದು ನಿಜವಾಗಿ ತೆರೆಯಿತೇ ಎಂದು ನೋಡಿ ವಾಕಿಟಾಕಿಯಲ್ಲಿ ಹೇಳುತ್ತಾರೆ. ಪರದೆಯ ಮೇಲೆ ತೆರೆದಿದೆ ಎಂದು ತೋರಿಸಿದರೆ ಸಾಲದು, ಎದುರಿಗೆ ಒಂದು ಜೋಡಿ ಕಣ್ಣು ಇರಲೇಬೇಕು. ಅವರು ಹೇಳಿದ ಮೇಲೆ ಒಳಗೆ ಕೂತವರು ಪಟ್ಟಿಯಲ್ಲಿ ಸಮಯ ಬರೆದು ಟಿಕ್ ಹಾಕಬೇಕು. ನಿಯಮ ಇದು. ಆದರೆ ಒಪ್ಪಿಸುವ ದಿನ ಹತ್ತಿರ ಬಂದಾಗ ಎದುರಿಗೆ ಯಾರೂ ಇಲ್ಲದೆಯೇ ಟಿಕ್ ಹಾಕಿಬಿಡುವುದೂ ಉಂಟು. ಅದಕ್ಕೆ ನಾವು 'ಕುರ್ಚಿ ಟೆಸ್ಟ್' ಎನ್ನುತ್ತೇವೆ. ನಾನೂ ಎರಡು ಮೂರು ಸಲ ಮಾಡಿದ್ದೇನೆ. ಇದನ್ನು ಮುಚ್ಚಿಟ್ಟರೆ ಮುಂದಿನದಕ್ಕೆ ಅರ್ಥವೇ ಇರುವುದಿಲ್ಲ.

ನನ್ನ ಜೋಡಿ ಈರಣ್ಣ. ಬಾಗಲಕೋಟೆ ಕಡೆಯವರು, ಐವತ್ತು ದಾಟಿದ ಟೆಕ್ನಿಷಿಯನ್. ಹೆಂಡತಿ ನೀಲವ್ವನೊಂದಿಗೆ ಲಗ್ಗೆರೆಯಲ್ಲಿ ಒಂದು ಕೋಣೆಯ ಮನೆಯಲ್ಲಿದ್ದರು. ಆರು ವರ್ಷ ನಾವಿಬ್ಬರೂ ಒಟ್ಟಿಗೆ ಕೆಲಸ ಮಾಡಿದ್ದೆವು. ವಯಸ್ಸಿನಲ್ಲಿ ನನಗಿಂತ ಹಿರಿಯರಾದರೂ ನನ್ನನ್ನು "ಅಕ್ಕಾರ" ಎಂದೇ ಕರೆಯುತ್ತಿದ್ದರು. ಅವರು ಕುರ್ಚಿ ಟೆಸ್ಟಿಗೆ ಎಂದೂ ಒಪ್ಪಿದವರಲ್ಲ. ನಾನು ಅದನ್ನು ಮಾಡಿದ್ದು ಅವರು ರಜೆಯಲ್ಲಿದ್ದಾಗ ಮಾತ್ರ.

ನಾಲ್ಕು ವರ್ಷದ ಹಿಂದೆ ಕೆಂಗೇರಿಯ ಆಚೆ ಒಂದು ಬಡಾವಣೆಗೆ ಕೊಳಚೆ ನೀರು ಶುದ್ಧಮಾಡುವ ಘಟಕ ಸಿದ್ಧವಾಗಿತ್ತು. ಮರುದಿನ ಬೆಳಿಗ್ಗೆ ಒಪ್ಪಿಸಬೇಕು, ನಲವತ್ತೆರಡು ವಾಲ್ವ್‌ಗಳ ಪರೀಕ್ಷೆ ಬಾಕಿ. ಊಟದ ಹೊತ್ತಿಗೆ ಈರಣ್ಣ ಡಬ್ಬಿಯಲ್ಲಿದ್ದ ಎರಡು ರೊಟ್ಟಿಯಲ್ಲಿ ಒಂದನ್ನು ಹಾಗೆಯೇ ಬಿಟ್ಟು ಎದ್ದರು. ಯಾಕೆ ಎಂದೆ.

"ಎದಿ ಒಂದೀಟ ಹಿಡದಂಗ ಆಗೇತ್ರಿ ಅಕ್ಕಾರ. ಗ್ಯಾಸ್ ಇರಬೇಕು."

ನನ್ನ ಬ್ಯಾಗಿನಲ್ಲಿದ್ದ ಗ್ಯಾಸಿನ ಮಾತ್ರೆ ಕೊಟ್ಟೆ. ಮನೆಗೆ ಹೋಗಿ ಎನ್ನಲಿಲ್ಲ. ಹೇಳಬೇಕೆಂದು ಅನಿಸಿತ್ತು, ಆದರೆ ನಲವತ್ತೆರಡು ವಾಲ್ವ್ ಕಣ್ಣ ಮುಂದಿದ್ದವು.

ಎರಡೂಕಾಲಿಗೆ ಶುರು ಮಾಡಿದೆವು. ನಾನು ಮೊದಲ ಮಹಡಿಯ ಕಂಟ್ರೋಲ್ ರೂಮಿನಲ್ಲಿ, ಅವರು ಹೊರಗೆ. ನಾನು ನಂಬರ್ ಹೇಳಿ ಆಜ್ಞೆ ಕೊಡುತ್ತಿದ್ದೆ. "ತೆರೀತ್ರಿ," ಸ್ವಲ್ಪ ಹೊತ್ತಿಗೆ "ಮುಚ್ಚಿತ್ರಿ, ಮುಂದಿಂದ ಹೇಳ್ರಿ" ಎಂದು ಅವರು ಉತ್ತರ ಕೊಡುತ್ತಿದ್ದರು. ಮೆಟ್ಟಿಲು ಹತ್ತಿ ಇಳಿಯುವಾಗಿನ ಏದುಸಿರು ವಾಕಿಯಲ್ಲಿ ಕೇಳುತ್ತಿತ್ತು. "ನಿಧಾನ ಈರಣ್ಣ, ಅವಸರ ಏನಿಲ್ಲ" ಎಂದು ಎರಡು ಸಲ ಅಂದೆ. ಅವಸರ ಇತ್ತು, ಅದು ಅವರಿಗೂ ಗೊತ್ತಿತ್ತು.

ಹತ್ತೊಂಬತ್ತನೆಯದು ನೆಲಮಾಳಿಗೆಯ ಪಂಪ್ ರೂಮಿನಲ್ಲಿತ್ತು. ಅಲ್ಲಿಂದ ವಾಕಿ ಯಾವಾಗಲೂ ಗೊರಗೊರ ಎನ್ನುತ್ತದೆ. ಇಪ್ಪತ್ತನೆಯದರಿಂದ ಮಾತ್ರ ದನಿ ಸ್ವಚ್ಛವಾಗಿ ಬರತೊಡಗಿತು. ಏದುಸಿರೂ ಇರಲಿಲ್ಲ. ಮಾತ್ರೆ ಕೆಲಸ ಮಾಡಿತು ಎಂದುಕೊಂಡೆ. ನನಗೆ ನಿಜವಾಗಿ ಸಮಾಧಾನವಾಯಿತು.

ಮೂವತ್ತೊಂದನೆಯ ವಾಲ್ವ್ ಹಿಂದಿನ ಕಟ್ಟಡದ ತಾರಸಿಯಲ್ಲಿತ್ತು. ಅದಕ್ಕೆ ಆಜ್ಞೆ ಕೊಟ್ಟೆ. ಪರದೆಯ ಮೇಲೆ ತೆರೆದಿದೆ ಎಂದು ಬಂತು. ವಾಕಿಯಲ್ಲಿ ಈರಣ್ಣ, "ಮೂವತ್ತೊಂದು ಅಲ್ರಿ ಅಕ್ಕಾರ, ಮೂವತ್ತೆರಡು ತೆರೀತು. ವೈರ್ ಅದಲಬದಲ ಮಾಡ್ಯಾರ ನೋಡ್ರಿ" ಎಂದರು. ಅದನ್ನು ಹಾಗೆಯೇ ಪಟ್ಟಿಯ ಅಂಚಿನಲ್ಲಿ ಬರೆದುಕೊಂಡೆ. ನಾಲ್ಕೂ ಐದಕ್ಕೆ ನಲವತ್ತೆರಡೂ ಮುಗಿದವು. ವಾಕಿಯನ್ನು ಚಾರ್ಜಿಗೆ ಹಾಕಿ, ಇಬ್ಬರಿಗೂ ಟೀ ಹೇಳಿದೆ.

ಟೀ ಬಂತು, ಈರಣ್ಣ ಬರಲಿಲ್ಲ. ಟೀ ಆರಿತು. ಇಪ್ಪತ್ತು ನಿಮಿಷವಾದ ಮೇಲೆ ಹುಡುಕಿಕೊಂಡು ಹೊರಟೆ. ತಾರಸಿಗೆ ಹೋದೆ, ಟ್ಯಾಂಕುಗಳ ಸುತ್ತ ನೋಡಿದೆ, ಕೊನೆಗೆ ಪಂಪ್ ರೂಮಿಗಿಳಿದೆ. ಕೊನೆಯ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿದ್ದರು. ವಾಕಿ ಪಕ್ಕದಲ್ಲಿತ್ತು. ಮುಟ್ಟಿದರೆ ಮೈ ತಣ್ಣಗಿತ್ತು. ಕೂಗಿದೆ. ಕೆಲಸದವರು ಓಡಿಬಂದು ಎತ್ತಿಕೊಂಡರು. ಮೈಸೂರು ರಸ್ತೆಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಹೃದಯಾಘಾತ ಎಂದರು. ಒಂದು ಗಂಟೆ ಮುಂಚೆ ತಂದಿದ್ದರೆ ಏನಾದರೂ ಪ್ರಯತ್ನ ಮಾಡಬಹುದಿತ್ತು ಎಂದೂ ಹೇಳಿದರು.

ಒಂದು ಗಂಟೆ ಮುಂಚೆ ಅವರು ನನ್ನೊಡನೆ ಮಾತಾಡುತ್ತಿದ್ದರಲ್ಲ, ಡಾಕ್ಟರಿಗೇನು ಗೊತ್ತು ಎಂದು ಆ ರಾತ್ರಿಯೆಲ್ಲ ಅಂದುಕೊಂಡೆ. ಆ ಧೈರ್ಯ ಒಂದೇ ರಾತ್ರಿಯದು.

ಪಂಪ್ ರೂಮಿನಲ್ಲಿ ಒಂದು ಕ್ಯಾಮೆರಾ ಇತ್ತು. ಮರುದಿನ ನಮ್ಮ ಕಂಪನಿಯ ಮ್ಯಾನೇಜರ್ ಅದರ ಚಿತ್ರವನ್ನು ನನ್ನನ್ನು ಕೂರಿಸಿ ತೋರಿಸಿದರು. ಈರಣ್ಣ ಹತ್ತೊಂಬತ್ತನೆಯ ವಾಲ್ವ್ ನೋಡುತ್ತಾರೆ, ವಾಕಿಯಲ್ಲಿ ಏನೋ ಹೇಳುತ್ತಾರೆ, ಮೆಟ್ಟಿಲ ಕಡೆ ತಿರುಗುತ್ತಾರೆ. ಎದೆಗೆ ಕೈಯಿಟ್ಟು ಕೂರುತ್ತಾರೆ. ವಾಕಿಯನ್ನು ಹುಷಾರಾಗಿ ಪಕ್ಕಕ್ಕಿಡುತ್ತಾರೆ. ಆಗ ಮೂರೂ ಹತ್ತು. ಸ್ವಲ್ಪ ಹೊತ್ತು ಕೈ ಅಲುಗುತ್ತದೆ, ತಲೆ ಎತ್ತಿ ಮೇಲೆ ನೋಡುತ್ತಾರೆ. ಆಮೇಲೆ ಅಲುಗುವುದಿಲ್ಲ. ನಾಲ್ಕೂವರೆಗೆ ನಾನು ಮೆಟ್ಟಿಲಿಳಿದು ಬರುವವರೆಗೆ ಆ ಚಿತ್ರ ಬದಲಾಗುವುದೇ ಇಲ್ಲ. ವಾಕಿಯನ್ನು ಅವರು ಮತ್ತೆ ಮುಟ್ಟುವುದಿಲ್ಲ.

ಕ್ಯಾಮೆರಾದ ಗಡಿಯಾರ ತಪ್ಪಿರಬೇಕು ಎಂದೆ. ಪರೀಕ್ಷಿಸಿದರು, ನಿಮಿಷವೂ ತಪ್ಪಿರಲಿಲ್ಲ. ಆ ಚಾನೆಲ್ಲಿನಲ್ಲಿ ಇದ್ದದ್ದು ನಮ್ಮ ಎರಡೇ ವಾಕಿ. ನನ್ನ ಪಟ್ಟಿಯಲ್ಲಿ ಮೂರೂ ಹತ್ತರ ನಂತರ ಇಪ್ಪತ್ಮೂರು ಟಿಕ್ ಇದ್ದವು, ಎದುರಿಗೆ ಒಂದೊಂದರ ಸಮಯ, ಎಲ್ಲವೂ ನನ್ನ ಕೈಬರಹ.

"ನೋಡಿ ಮೇಡಂ, ನಾನೇನೂ ಬೈಯಲ್ಲ," ಎಂದರು ಮ್ಯಾನೇಜರ್. "ಎಲ್ರೂ ಮಾಡೋದೇ ಇದು. ನೀವೂ ಹಿಂದೆ ಮಾಡಿದೀರ. ಉತ್ತರ ಬರ್ಲಿಲ್ಲ, ಕುರ್ಚೀಲೇ ಕೂತು ಟಿಕ್ ಹಾಕ್ಬಿಟ್ರಿ. ಶಾಕ್ ಆಗಿದೆ ನಿಮ್ಗೆ, ಅದಕ್ಕೇ ಹೀಗೆಲ್ಲ ಅನ್ಸತ್ತೆ."

"ಅವ್ರು ಮಾತಾಡಿದ್ರು ಸಾರ್. ನಾನು ಕೇಳಿದೀನಿ."

"ಯಾರ ಹತ್ರ ಹೇಳ್ತೀರ ಇದನ್ನ?"

ಅವರ ಮಾತು ನಿಜ, ಯಾರ ಹತ್ತಿರ ಹೇಳಲಿ? ದನಿ ಕೇಳಿತು ಎಂದರೆ ನನಗೆ ತಲೆ ಕೆಟ್ಟಿದೆ. ಕೇಳಲಿಲ್ಲ ಎಂದರೆ ಆ ಮನುಷ್ಯ ಮೆಟ್ಟಿಲ ಮೇಲೆ ಸಾಯುತ್ತಿದ್ದಾಗ ನಾನು ಫ್ಯಾನಿನ ಕೆಳಗೆ ಕೂತು ಸುಳ್ಳು ಟಿಕ್ ಹಾಕುತ್ತಿದ್ದೆ. ಎರಡರಲ್ಲಿ ಯಾವುದನ್ನು ಒಪ್ಪಿಕೊಂಡರೂ ನಾನು ಎದ್ದು ಹೋಗಿ ನೋಡಲಿಲ್ಲ ಎನ್ನುವುದು ಬದಲಾಗುವುದಿಲ್ಲ.

ಒಂದು ವಾರದ ಮೇಲೆ ಬೇರೆ ತಂಡ ಬಂದು ಎಲ್ಲ ವಾಲ್ವ್‌ಗಳನ್ನೂ ಮತ್ತೆ ಪರೀಕ್ಷಿಸಿತು. ನಲವತ್ತು ಸರಿ ಇದ್ದವು. ಮೂವತ್ತೊಂದು ಮತ್ತು ಮೂವತ್ತೆರಡರ ವೈರ್ ಅದಲುಬದಲಾಗಿತ್ತು. ನನ್ನ ಹಳೆಯ ಪಟ್ಟಿಯ ಅಂಚನ್ನು ಮ್ಯಾನೇಜರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ವೈರಿಂಗ್ ಮಾಡಿದವರು ಯಾರೋ ಹೇಳಿರ್ತಾರೆ, ನಿಮ್ಗೆ ಮರೆತಿರತ್ತೆ" ಎಂದು ಪಟ್ಟಿಯನ್ನು ವಾಪಸ್ ಕೊಟ್ಟರು. ಕುರ್ಚಿಯಲ್ಲಿ ಕೂತವರಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ ಎಂದು ಅವರಿಗೂ ಗೊತ್ತಿತ್ತು.

ಫೈಲಿಗೆ ಹೊಸ ಪಟ್ಟಿ ಬಂತು. ಈರಣ್ಣನ ಹೆಸರಿದ್ದ ಕಡೆ ಬೇರೊಬ್ಬ ಟೆಕ್ನಿಷಿಯನ್ ಹೆಸರು. ಮೂವತ್ತೊಂದರ ದೋಷ ಕಂಡುಹಿಡಿದದ್ದೂ ಅವನೇ ಎಂದಾಯಿತು. ಕೆಳಗೆ ಸಹಿ ಹಾಕಿದವಳು ನಾನು. ಹಾಕುವುದಿಲ್ಲ ಎನ್ನಬಹುದಿತ್ತು. ಅಷ್ಟು ಎದೆಗಾರಿಕೆ ಆಗ ನನ್ನಲ್ಲಿರಲಿಲ್ಲ. ಘಟಕ ಒಪ್ಪಿಸಿಯಾಯಿತು, ರಿಬ್ಬನ್ ಕತ್ತರಿಸಿ ಲಾಡು ಹಂಚಿದರು. ಹಳೆಯ ಪಟ್ಟಿ ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಈರಣ್ಣ ಆ ದಿನ ಕೆಲಸ ಮಾಡಿದರು ಎನ್ನುವುದಕ್ಕೆ ಈಗ ಅದೊಂದೇ ಸಾಕ್ಷಿ.

ತಿಂಗಳಾದ ಮೇಲೆ ನೀಲವ್ವ ಊರಿನಿಂದ ಮನೆ ಖಾಲಿ ಮಾಡಲು ಬಂದಿದ್ದರು. ಲಗ್ಗೆರೆಗೆ ಹೋದೆ. ಸಾಮಾನು ಕಟ್ಟಿ ಮುಗಿದಿತ್ತು. ನೆಲದ ಮೇಲೆ ಎದುರುಬದುರು ಕೂತೆವು.

"ಕಡೀಕ ಏನರ ಅಂದ್ರೇನ್ರಿ ಅವರು?" ಎಂದು ಕೇಳಿದರು.

ಏನೂ ಹೇಳಲಿಲ್ಲ ಎಂದೆ. ಎಷ್ಟೋ ಸಲ ಕರೆದೆ, ಉತ್ತರ ಬರಲಿಲ್ಲ ಎಂದೂ ಸೇರಿಸಿದೆ. ಮ್ಯಾನೇಜರ್ ನನಗೆ ಒಪ್ಪಿಸಿದ ಸುಳ್ಳನ್ನೇ ಅವರಿಗೂ ಹೇಳಿದೆ. ಅವರು ಅಳಲಿಲ್ಲ. ತಲೆಯಾಡಿಸುತ್ತ, "ಇಲ್ರೀ, ಹಂಗ ಇರಾಕಿಲ್ಲ. ಯಾರ ಕರದ್ರೂ ಓ ಅನ್ನದ ಇರತಿದ್ದಿಲ್ರಿ ಅವರು. ಉಣ್ಣಾಕ ಕುಂತಿದ್ರೂ ಎದ್ದು ಹೋಗತಿದ್ರು. ನೀವು ಕರದಿರಂದ್ರ ಅಂದೇ ಅಂದಿರತಾರ" ಎಂದರು.

ಆ ಮಾತು ಕೇಳಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ನಾನು ಕರೆಯುತ್ತಲೇ ಇದ್ದೆ, ಅದಕ್ಕೇ ಅವರು ಓಗೊಡುತ್ತಲೇ ಇದ್ದರೇ? ಒಂದೇ ಒಂದು ನಂಬರಿಗೆ ಉತ್ತರ ಬಾರದೆ ಹೋಗಿದ್ದರೂ ನಾನು ಎದ್ದು ಓಡುತ್ತಿದ್ದೆ. ಮೂರೂಕಾಲಿಗೇ ಪಂಪ್ ರೂಮಿನಲ್ಲಿರುತ್ತಿದ್ದೆ. ಕೆಲಸ ನಿಲ್ಲಬಾರದೆಂದು ಆ ದನಿ ಬಂತೋ, ನಾನು ಏಳದಿರಲೆಂದು ಬಂತೋ ಗೊತ್ತಿಲ್ಲ. ಈಗ ನಾನು ಬಸವೇಶ್ವರನಗರದ ಆಫೀಸಿನಲ್ಲಿ ಫೈಲು ಕಟ್ಟುತ್ತೇನೆ. ವಾಕಿ ಹಿಡಿಯುವ ಕೆಲಸ ನನ್ನಿಂದಾಗುವುದಿಲ್ಲ ಎಂದು ಬರೆದುಕೊಟ್ಟಿದ್ದೇನೆ. ಅತ್ತೆ ನಿಂಬೆಹಣ್ಣು ಕಟ್ಟಿದರೆ ಈಗ ನಾನು ಏನೂ ಅನ್ನುವುದಿಲ್ಲ. ಅದರಿಂದ ಏನಾದರೂ ಆಗುತ್ತದೆ ಎಂಬ ನಂಬಿಕೆಯೇನೂ ಬಂದಿಲ್ಲ.

ಒಂದು ಸಂಗತಿಯನ್ನು ಮೇಲೆ ಬರೆಯುವಾಗ ಬೇಕೆಂದೇ ಬಿಟ್ಟಿದ್ದೇನೆ. ಮ್ಯಾನೇಜರಿಗೂ ಹೇಳಿಲ್ಲ, ನೀಲವ್ವನಿಗೂ ಹೇಳಿಲ್ಲ. ನಲವತ್ತೆರಡಕ್ಕೆ ಟಿಕ್ ಹಾಕಿ, "ಮುಗೀತು ಈರಣ್ಣ, ಮೇಲೆ ಬನ್ನಿ, ಟೀ ತರಿಸ್ತೀನಿ" ಎಂದಿದ್ದೆ.

"ಮುಂದಿಂದ ಹೇಳ್ರಿ ಅಕ್ಕಾರ," ಎಂದರು.

"ಮುಂದೆ ಇಲ್ಲ ಈರಣ್ಣ, ಅಷ್ಟೇ ಇರೋದು."

"ಮುಂದಿಂದ ಹೇಳ್ರಿ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಮತ್ತೊಮ್ಮೆ ಅದೇ ಮಾತು ಅರ್ಧ ಬಂದಿತ್ತು, ಅಷ್ಟರಲ್ಲಿ ನಾನು ವಾಕಿಯನ್ನು ಆಫ್ ಮಾಡಿಬಿಟ್ಟೆ.