ಪಂಖಾ ಎಳೆಯುವ ಅಜ್ಜ

ಗಡಹಿಂಗ್ಲಜದ ಆಚೆ ಬ್ರಿಟಿಷ್ ಫೌಜಿನವರು ಬಿಟ್ಟುಹೋದ ಒಂದು ಬ್ಯಾರಕ್ಕು, ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾದರೂ ಪಾಳುಬಿದ್ದಿತ್ತು. ಅದಕ್ಕೆ ಸುಣ್ಣ ಹೊಡೆಸಿ ಸರಕಾರಿ ಗೋದಾಮು ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಹೋಗಿ ನೋಡಿದರೆ, ಕೊಲ್ಲಾಪುರದಲ್ಲಿ ಚಿತ್ರಕಲೆ ಕಲಿತ ಹೆಣ್ಣುಮಗಳೊಬ್ಬಳು ಹೊರಗೋಡೆಯ ಮೇಲೆ ಇದ್ದಿಲಿನಿಂದ ಆಳೆತ್ತರದ ಮುದುಕನನ್ನು ಬರೆಯುತ್ತಿದ್ದಳು. ಒಳಗೆ ಬಿಳಿ ಸಾಹೇಬರಿಗೆ ಗಾಳಿ ಬೀಸಲು ಮಾಡಿಗೆ ತೂಗುಹಾಕಿದ್ದ ಬಟ್ಟೆಯ ಪಂಖಾದ ಹಗ್ಗ ಹೊರಬರುತ್ತಿದ್ದ ತೂತು ಗೋಡೆಯಲ್ಲಿ ಹಾಗೇ ಇತ್ತು. ಆಕೆ ಬರೆದ ಹಗ್ಗ ಆ ತೂತಿನಿಂದಲೇ ಇಳಿದು ಮುದುಕನ ಕೈ ಸೇರಿತ್ತು.

“ಯಾರ್ರೀ ಇವರು?”

“ನಮ್ಮಜ್ಜ ರೀ. ಇಲ್ಲೇ ಕುಂತು ಪಂಖಾ ಎಳೀತಿದ್ರು.”

ನಾನು ಒಳಗೆ ಇಣುಕಿದೆ. ಗೋಡೆಗಳೆಲ್ಲ ಬರಿದಾಗಿದ್ದವು.

“ಗಾಳಿ ತಗೊಂಡ ಸಾಹೇಬ್ರನ್ನ ಬರೀಲಿಲ್ಲೇನ್ರಿ?”

“ಅಜ್ಜನ್ನ ಒಳಗ ಬಿಡತಿದ್ದಿಲ್ರೀ. ಅಂವಾ ಒಮ್ಮೆನೂ ನೋಡದವರನ್ನ ನಾ ಹೆಂಗ ಬರೀಲಿ?”

ಆಳುಗಳು ಬಕೆಟ್ಟು ಹಿಡಿದು ಕಾಯುತ್ತಿದ್ದರು. ಒಳಗೆಲ್ಲ ಸುಣ್ಣ ಹೊಡೆಸಿ, ಆ ಹೊರಗೋಡೆಯನ್ನು ಹಾಗೇ ಬಿಟ್ಟೆ.

ತಪಾಸಣೆಗೆ ಬಂದ ನಮ್ಮ ಸಾಹೇಬರು ಕಾರಣ ಕೇಳಿದಾಗ, “ಸುಣ್ಣ ಸಾಲಲಿಲ್ರೀ” ಎಂದೆ. ಅವರು ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

“ಖರೇ, ಈ ವರ್ಷ ಸುಣ್ಣದ್ದು ಭಾಳ ತಾಪತ್ರಯ ಐತಿ,” ಎಂದರು.

ನಾನು ಅಲ್ಲಿದ್ದಷ್ಟು ಕಾಲ ಆ ತಾಪತ್ರಯ ತೀರಲೇ ಇಲ್ಲ.