ಇಪ್ಪತ್ತು ಲೀಟರ್ ಆಸಿಡ್ ನೀರು

ಗಡಿಯಾಚೆಯ ತಳಿ ಎಂಬ ಊರಿನ ಹತ್ತಿರದ ಒಂದು ಗುಲಾಬಿ ತೋಟಕ್ಕೆ ನಾನೂ ನನ್ನ ನಾದಿನಿಯೂ ಕೆಲಸಕ್ಕೆ ಹೋಗುತ್ತೇವೆ. ಬೋರಿನ ನೀರಿನ ಉಪ್ಪು ಕಟ್ಟಿಕೊಂಡು ಗಿಡಗಳಿಗೆ ಹನಿ ನೀರು ಬಿಡುವ ಪೈಪುಗಳು ಮುಚ್ಚಿಹೋಗುತ್ತವೆ. ಆಗಾಗ ಆಸಿಡ್ ನೀರು ಬಿಟ್ಟು ತೊಳೆಯಬೇಕು. ಅದನ್ನು ಕಲಸುವವನು ಒಂದು ದಿನ ಜ್ವರ ಎಂದು ಸೂಳಗಿರಿಯ ಮನೆಯಲ್ಲೇ ಉಳಿದ. ಸೂಪರ್‌ವೈಸರ್ ನನ್ನತ್ತ ಬೆರಳು ತೋರಿದ.

“ಒರು ಪಂಗು ಆಸಿಡ್, ನಾಲು ಪಂಗು ತಣ್ಣಿ. ಮೊತ್ತಂ ಇರುವದು ಲಿಟ್ಟರ್,” ಎಂದ ತಮಿಳಿನಲ್ಲಿ.

ಒಂದು ಪಾಲು ಆಸಿಡ್, ನಾಲ್ಕು ಪಾಲು ನೀರು, ಒಟ್ಟು ಇಪ್ಪತ್ತು ಲೀಟರ್. ನೀರು ಮೊದಲು, ಆಸಿಡ್ ಆಮೇಲೆ. ಆಸಿಡ್ ಮೇಲೆ ನೀರು ಹಾಕಿದರೆ ಸಿಡಿದು ಕಣ್ಣೇ ಹೋಗುತ್ತದೆ ಎಂದು ಹೆದರಿಸಿ, ಆ ಮಹಾರಾಯ ಬೈಕು ಹತ್ತಿ ಹೋದ.

ಇಪ್ಪತ್ತನ್ನು ನಾಲ್ಕರಿಂದ ಭಾಗಿಸಿದೆ, ಐದು ಬಂತು. ಆಸಿಡ್ ಐದಾದರೆ ನೀರು ಹದಿನೈದು. ಅದು ಮೂರು ಪಟ್ಟಾಯಿತೇ ಹೊರತು ನಾಲ್ಕಲ್ಲ. ಎಲ್ಲಿ ತಪ್ಪಿದೆನೋ ತಿಳಿಯಲಿಲ್ಲ.

“ಮುದ್ದೆಗೆ ಲೆಕ್ಕ ಹಾಕ್ತೀವಾ ಅತ್ತಿಗೆ? ಸುಮ್ನೆ ಹುಯ್ಯಿ. ಗಟ್ಟಿಯಾದ್ರೆ ಆಮೇಲೆ ನೀರು ಸೇರ್ಸುದ್ರಾಯ್ತು,” ಎಂದಳು ನಾದಿನಿ.

“ಬಾಯ್ಮುಚ್ಕೊಂಡಿರಮ್ಮಿ,” ಎಂದು ಗದರಿದೆ.

ಮಣ್ಣಿನ ಮೇಲೆ ಗೆರೆ ಎಳೆದೆ, ಆಸಿಡ್‌ಗೆ ಒಂದು, ನೀರಿಗೆ ನಾಲ್ಕು. ಎಣಿಸಿದರೆ ಪಾಲು ಐದು! ಇಪ್ಪತ್ತನ್ನು ಹಂಚಬೇಕಾದ್ದು ಐದಕ್ಕೆ. ಪಾಲಿಗೆ ನಾಲ್ಕು ಲೀಟರ್, ಅಂದರೆ ಆಸಿಡ್ ನಾಲ್ಕು, ನೀರು ಹದಿನಾರು. ಕೂಡಿದೆ, ಇಪ್ಪತ್ತೇ ಬಂತು. ಆದರೂ ನಂಬಿಕೆ ಬರದೆ ಮತ್ತೊಮ್ಮೆ ಕೂಡಿದೆ.

ಡ್ರಮ್ಮಿಗೆ ಹದಿನಾರು ಲೀಟರ್ ನೀರು ತುಂಬಿದೆ. ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು, ಜಗ್ಗಿನಿಂದ ಆಸಿಡ್ ಅನ್ನು ಸಣ್ಣಗೆ ಬಿಡತೊಡಗಿದೆ. ಘಾಟು ಎದ್ದಿತು.

“ಅಯ್ಯೋ, ಶಾನೆ ಖಾರ ಆಗ್ಬುಟ್ಟೈತೆ!” ಎನ್ನುತ್ತಾ ನಾದಿನಿ ಬಗ್ಗಿ, ನನ್ನ ಕೈಯಲ್ಲಿದ್ದ ಆಸಿಡ್ ಜಗ್ಗಿಗೇ ನೀರು ಹುಯ್ಯಲು ಮಗ್ಗು ಎತ್ತಿದಳು. ಮುದ್ದೆ ತೊಳಸುವವರ ಕೈ ಅದು, ಯೋಚಿಸುವುದಿಲ್ಲ. ಅವಳ ಮುಖ ಜಗ್ಗಿನ ಮೇಲೆಯೇ ಇತ್ತು. ಇನ್ನೊಂದು ಕೈಯಿಂದ ಅವಳ ಮುಂಗೈ ಹಿಡಿದು ಆಚೆಗೆ ನೂಕಿದೆ. ನೀರು ನಮ್ಮಿಬ್ಬರ ಕಾಲ ಮೇಲೆ ಚೆಲ್ಲಿತು.

“ಕಣ್ಣು ಹೋಗಿದ್ರೆ ನಿಮ್ಮಣ್ಣಂಗೆ ಏನಂತ ಹೇಳ್ಲಿ?” ಎಂದು ಕಿರುಚಿದೆ. ಅಳು ಬಂದುಬಿಟ್ಟಿತು. ಅವಳನ್ನು ದೂರ ನಿಲ್ಲಿಸಿ ಉಳಿದ ಆಸಿಡ್ ಬಿಟ್ಟು ಮುಗಿಸಿದೆ.

ಮಧ್ಯಾಹ್ನ ಸೂಪರ್‌ವೈಸರ್ ಬಂದು ಡ್ರಮ್ಮು ನೋಡಿ ತಲೆಯಾಡಿಸಿದ. ಇನ್ನು ಮೇಲೆ ಗುಲಾಬಿ ಬೆಳೆಯುವ ಎಲ್ಲ ಶೆಡ್ಡುಗಳಿಗೂ ನಾನೇ ಕಲಸಬೇಕಂತೆ. ನಾದಿನಿ ಹಿಗ್ಗಿ ನನ್ನ ಬೆನ್ನು ತಟ್ಟಿದಳು. ಮುಂದಿನ ಸಲ ಒಟ್ಟು ಎಷ್ಟು ಲೀಟರ್ ಹೇಳುತ್ತಾನೋ, ಜಗ್ಗಿನ ಪಕ್ಕ ಯಾರು ಬಂದು ಬಗ್ಗುತ್ತಾರೋ ಎಂಬ ದಿಗಿಲು ನನಗೆ ಆಗಲೇ ಶುರುವಾಗಿತ್ತು.