ಲಕ್ಕಿ ಹಳ್ಳದ ಮಹಜರು

ಮಳೆ ಬಿದ್ದ ಮಾರನೆಯ ಬೆಳಿಗ್ಗೆ ದಟ್ಟಗಳ್ಳಿಯ ನಮ್ಮ ಮನೆಯ ಸಂಪಿನ ಮುಚ್ಚಳ ತೆಗೆದರೆ ಕೊಳೆತ ಹೊಂಗೆ ಹೂವಿನ ವಾಸನೆ ಬರುತ್ತದೆ. ಸುತ್ತಮುತ್ತ ಒಂದೂ ಹೊಂಗೆ ಮರವಿಲ್ಲ. ಎಲ್ಲೋ ಪೈಪು ಒಡೆದಿದೆ ಎಂದು ನನ್ನ ಗಂಡ ಹೇಳುತ್ತಾರೆ. ನನಗೆ ಮಾತ್ರ ಅದು ಲಕ್ಕಿ ಹಳ್ಳದ್ದೇ ಎಂದು ಗುಮಾನಿ. ನಿಮ್ಮ ಕಾಲಡಿಯಲ್ಲೂ ಇಂಥದ್ದೊಂದು ಹೂತುಹೋಗಿದ್ದರೆ ನನ್ನನ್ನು ನೋಡಿ ನಗಲಾರಿರಿ.

ನಾನು ಚಿಕ್ಕವಳಿದ್ದಾಗ ಇಲ್ಲಿ ಮನೆಗಳಿರಲಿಲ್ಲ, ಮೇಲೊಂದು ಕಲ್ಲುಗುಡ್ಡವಿತ್ತು. ಅದರ ಮೇಲೆ ಬಿದ್ದ ಮಳೆ ಮೂರು ಕೊರಕಲುಗಳಲ್ಲಿ ಇಳಿದು, ಹೊಂಗೆ ತೋಪಿನ ಬಳಿ ಒಂದಾಗಿ, ಎರಡೂ ದಡದಲ್ಲಿ ಲಕ್ಕಿ ಗಿಡ ಒತ್ತಿ ಬೆಳೆದಿದ್ದ ಹಳ್ಳವಾಗಿ ಕೆರೆ ಸೇರುತ್ತಿತ್ತು. ಬೇಸಿಗೆಯಲ್ಲಿ ನೋಡಿದರೆ ಬರೀ ಮರಳು. ಮೊಳದಷ್ಟು ಬಗೆದರೆ ತಣ್ಣನೆಯ ನೀರು. ಆ ಕೆರೆಯ ನೀರುಗಂಟಿ ನನ್ನ ತಾತ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವ ಆ ಕೆಲಸ ಅವನಿಗೆ ಎಲ್ಲರನ್ನೂ ಅನುಮಾನಿಸಲು ಕಲಿಸಿತ್ತು. ಹಳ್ಳದ ನೀರು ಒಂದು ಬೆರಳು ಇಳಿದರೆ ಸಾಕು, ಮೇಲೆ ಯಾರೋ ಅಡ್ಡ ಕಟ್ಟಿದ್ದಾರೆಂದು ನನ್ನನ್ನೂ ಎಳೆದುಕೊಂಡು ಹೊರಡುತ್ತಿದ್ದ. ದಾರಿಯುದ್ದಕ್ಕೂ ಏಡಿ ಬಿಲಗಳಿಗೆ ಕೈ ಹಾಕಿ ಮಣ್ಣಿನ ತೇವ ನೋಡುತ್ತಿದ್ದ. ಎದುರು ಸಿಕ್ಕವರು ಎಲ್ಲಿಗೆ ಎಂದು ಕೇಳಿದರೆ, "ಸುಮ್ನೆ ಕಣಪ್ಪ, ಸೌದೆಗೆ" ಎನ್ನುತ್ತಿದ್ದ. ಅವರು ದಾಟಿದ ಮೇಲೆ ನನಗೆ, "ನೀರು ಎಲ್ಲೈತೆ ಅಂತ ಯಾರ್ಗೂ ಯೋಳ್ಬ್ಯಾಡ ಕಣವ್ವ. ಕೇಳೋರ್ಗೆಲ್ಲ ಒಂದೊಂದು ಗದ್ದೆ ಇರ್ತದೆ."

ಹೈಸ್ಕೂಲಿಗೆಂದು ಲಷ್ಕರ್ ಮೊಹಲ್ಲಾದ ಚಿಕ್ಕಮ್ಮನ ಮನೆಗೆ ಹೋದವಳು ಓದು ಮುಗಿಸಿ ಬರುವಷ್ಟರಲ್ಲಿ ಹಳ್ಳದ ಮೇಲೂ ಬಡಾವಣೆಯ ಕಲ್ಲು ನೆಟ್ಟಿದ್ದರು. ತಾತ ಸಾಯುವವರೆಗೂ ಆ ಬಗ್ಗೆ ಬಾಯಿ ಬಿಡಲಿಲ್ಲ. ಯಾರೋ ದೊಡ್ಡವರು ನಕ್ಷೆಯಿಂದ ಹಳ್ಳವನ್ನು ಅಳಿಸಿ ಹಾಕಿಸಿದ್ದಾರೆಂದು ನಾನು ನಂಬಿದೆ. ಸಿಕ್ಕಸಿಕ್ಕವರ ಮೇಲೆಲ್ಲ ಗೂಬೆ ಕೂರಿಸಿದೆ. ಕಳೆದ ಮಳೆಗಾಲ ನಮ್ಮ ಬೀದಿಯ ಮನೆಗಳಿಗೆ ನೀರು ನುಗ್ಗಿದಾಗ, ಕಳ್ಳನನ್ನು ಹಿಡಿದೇ ತೀರುತ್ತೇನೆಂದು ಬಡಾವಣೆಯ ಹಳೆಯ ಕಡತಕ್ಕೆ ಅರ್ಜಿ ಹಾಕಿದೆ.

ಕಚೇರಿಯ ಹುಡುಗಿ ಕಟ್ಟು ಬಿಚ್ಚಿ ಒಂದು ಹಾಳೆ ನನ್ನತ್ತ ತಿರುಗಿಸಿದಳು. ಅದು ಅಳತೆಯವರು ಬರೆದ ಮಹಜರು. ನೀರಿನ ವಿಷಯ ಬಲ್ಲವರೆಂದು ನೀರುಗಂಟಿಯನ್ನು ವಿಚಾರಿಸಲಾಗಿ, ಸದರಿ ಜಾಗದಲ್ಲಿ ಹಳ್ಳವಾಗಲಿ ತೊರೆಯಾಗಲಿ ಇಲ್ಲವೆಂದು ತಿಳಿಸಿರುತ್ತಾರೆ, ಎಂದಿತ್ತು. ಕೆಳಗೆ ತಾತನ ಹೆಬ್ಬೆಟ್ಟು, ಪಕ್ಕದಲ್ಲಿ ಅವನ ಹೆಸರು. ತಾರೀಖು ನೋಡಿದರೆ ಅಳತೆಯವರು ಬಂದದ್ದು ಬೇಸಿಗೆಯಲ್ಲಿ. ಕಂಡದ್ದು ಬರೀ ಮರಳು. ನೀರು ಕಸಿಯಲು ಬಂದವರೆಂದು ತಾತ ಹಳ್ಳವನ್ನು ಬಚ್ಚಿಟ್ಟಿದ್ದ. ಇದೆ ಎಂದಿದ್ದರೆ ಎರಡೂ ಕಡೆ ಜಾಗ ಬಿಟ್ಟು ಕಲ್ಲು ನೆಡುತ್ತಿದ್ದರೋ ಏನೋ. ಅವನ ಮೇಲೆ ಸಿಟ್ಟು ಬಂತು. ಮರುಕ್ಷಣವೇ, ತನ್ನ ಬಾಯಿಂದಲೇ ಹೋದ ಹಳ್ಳವನ್ನು ಅವನು ಅಷ್ಟು ವರ್ಷ ಒಬ್ಬನೇ ನುಂಗಿಕೊಂಡಿದ್ದನ್ನು ನೆನೆದು ಅಳು ಬಂತು.

"ಇದೇನಾ ಮೇಡಂ ನೀವು ಕೇಳಿದ್ದು? ಜೆರಾಕ್ಸ್ ಮಾಡಿಸ್ಲಾ?"

ನಾನು ತಾತನ ಹೆಸರಿನ ಮೇಲೆ ಅಂಗೈ ಮುಚ್ಚಿದೆ.

"ಬೇಡ ಕಣಮ್ಮ, ಇದು ನಮ್ಮ ಹಳ್ಳದ್ದಲ್ಲ."